ಯಜಮಾನರ ಪಾಸ್‌ವರ್ಡು

ನಮ್ಮ ಯಜಮಾನರಷ್ಟು ದುಡಿಯುವ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಕಂಡಿಲ್ಲ ಅನ್ನುವುದನ್ನು ನೀವು ಇದ್ದ ಹಾಗೇ ತೆಗೆದುಕೊಳ್ಳಬೇಕು. ಅವರು ದುಡಿಯುವುದನ್ನು ನಾನೂ ಕಂಡಿಲ್ಲ, ನಮ್ಮ ಕಾರ್ಖಾನೆಯಲ್ಲಿ ಬೇರೆ ಯಾರೂ ಕಂಡಿಲ್ಲ. ಕಂಡಿರುವುದು ಕಂಪ್ಯೂಟರ್ ಒಂದೇ. ಅದರ ಪ್ರಕಾರ ಅವರು ಗೇಟಿನಲ್ಲಿ ನಿಂತು ಟೆಂಪೋದಿಂದ ಮಾವು ಇಳಿಸಿಕೊಳ್ಳುತ್ತಿರುವ ಗಳಿಗೆಯಲ್ಲೇ ಒಳಗೆ ಹಣ್ಣಿನ ಸಿಹಿ ಪರೀಕ್ಷೆ ಮಾಡುತ್ತಿರುತ್ತಾರೆ, ಕೋಲ್ಡ್ ಸ್ಟೋರೇಜಿನಲ್ಲಿ ಡಬ್ಬ ಜೋಡಿಸುತ್ತಿರುತ್ತಾರೆ, ಕ್ಯಾಂಟೀನಿನಲ್ಲಿ ಉಪ್ಪಿಟ್ಟಿಗೆ ರವೆ ತೆಗೆದುಕೊಡುತ್ತಿರುತ್ತಾರೆ. ದೇವರಿಗೆ ಸರ್ವಾಂತರ್ಯಾಮಿ ಅನ್ನುವ ಬಿರುದು ಯಾವ ಸಾಫ್ಟ್‌ವೇರಿನಿಂದ ಸಿಕ್ಕಿತೋ ಅಂತ ನನಗೆ ಈಚೀಚೆಗೆ ಅನುಮಾನ ಶುರುವಾಗಿದೆ.

ಈ ಕಂಪ್ಯೂಟರಿನ ಕಾವಲುಗಾರ ನಾನೇ. ರಾಮನಗರದಿಂದ ಕನಕಪುರದ ಕಡೆ ಹೊರಟರೆ, ಊರು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಎಡಗಡೆಗೆ ಒಂದು ಮಾವಿನ ತಿರುಳಿನ ಕಾರ್ಖಾನೆ ಸಿಗುತ್ತದೆ. ಮೂಗು ಸರಿಯಿದ್ದರೆ ಬೋರ್ಡು ಓದುವ ಅಗತ್ಯವಿಲ್ಲ. ಅಲ್ಲಿ ನನ್ನ ಮೇಜಿನ ಮೇಲೆ 'ಮಾಹಿತಿ ವ್ಯವಸ್ಥೆಯ ಮ್ಯಾನೇಜರ್' ಅಂತ ಒಂದು ಹಿತ್ತಾಳೆ ಫಲಕವಿದೆ. ಅದಕ್ಕೆ ಮೊದಲು ನಾನು ಬರೀ ಮ್ಯಾನೇಜರ್ ಆಗಿದ್ದೆ. ಆಗ ಮಾಹಿತಿಯೂ ಇರಲಿಲ್ಲ, ವ್ಯವಸ್ಥೆಯೂ ಇರಲಿಲ್ಲ, ಕೆಲಸ ಮಾತ್ರ ನಡೆಯುತ್ತಿತ್ತು. ಈಗ ಯಾರಾದರೂ ಓಡಿಬಂದು "ಸಾ, ಕಂಪೂಟ್ರು ಅಳ್ಳಾಡ್ತಾನೇ ಇಲ್ಲ" ಅಂದರೆ ಎದ್ದುಹೋಗಿ ಅದನ್ನು ಆರಿಸಿ ಮತ್ತೆ ಹಾಕುವುದು ನನ್ನ ಮುಖ್ಯ ಕರ್ತವ್ಯ. ಆರಿಸುವುದಕ್ಕೂ ಹಾಕುವುದಕ್ಕೂ ನಡುವೆ ಹುಬ್ಬು ಗಂಟಿಕ್ಕಿಕೊಂಡು ಸ್ವಲ್ಪ ಹೊತ್ತು ಯೋಚಿಸಬೇಕು. ಸಂಬಳ ಕೊಡುವುದು ಆ ಯೋಚನೆಗೆ.

ಇದು ಸಾಲದು ಅಂತ ಸಂಜೆ ಹೊತ್ತು ಒಂದು ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಇದೇ ವಿಷಯವನ್ನು ಪಾಠ ಮಾಡುವ ದುರಭ್ಯಾಸವೂ ನನಗಿದೆ. ಸರಿಯಾದ ಮಾಹಿತಿಯನ್ನು ಸರಿಯಾದ ಹೊತ್ತಿಗೆ ಸರಿಯಾದ ವ್ಯಕ್ತಿಗೆ ತಲುಪಿಸುವುದೇ ಮಾಹಿತಿ ವ್ಯವಸ್ಥೆ ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಆ ಸರಿಯಾದ ವ್ಯಕ್ತಿಗೆ ಮಾಹಿತಿ ಬೇಕಾಗಿದೆಯೇ ಸಾರ್, ತಲುಪಿದರೆ ಅವನು ಸಿಟ್ಟಾಗುವುದಿಲ್ಲವೇ ಅಂತ ಇದುವರೆಗೆ ಒಬ್ಬ ಪುಣ್ಯಾತ್ಮನೂ ಕೇಳಿಲ್ಲ. ಕೇಳಿದ್ದರೆ ಹೆಚ್ಚು ಅಂಕ ಕೊಟ್ಟು, ಮುಂದಿನ ಬೆಂಚಿನಲ್ಲಿ ಕೂರಿಸಿ, ನನ್ನ ಕಷ್ಟ ಹೇಳಿಕೊಳ್ಳುತ್ತಿದ್ದೆ.

ಮೊದಲು ನಮ್ಮಲ್ಲಿ ಎಲ್ಲ ಮಾಹಿತಿಯೂ ಕೂಗಿನ ಮೇಲೆ ನಡೆಯುತ್ತಿತ್ತು. ತೋತಾಪುರಿ ಎಷ್ಟು ಬಂದಿದೆ ಅಂತ ತಿಳಿಯಬೇಕಾದರೆ ಆಫೀಸಿನ ಬಾಗಿಲಲ್ಲಿ ನಿಂತು "ಗಿರಿಜಮ್ಮಾ" ಅಂತ ಕೂಗಿದರೆ ಆಯಿತು. ಗಿರಿಜಮ್ಮ ಅಂದರೆ ನಮ್ಮ ಗೇಟಿನ ಉಸ್ತುವಾರಿ. ಕಾರ್ಖಾನೆ ಇನ್ನೂ ಒಂದು ತಗಡಿನ ಶೆಡ್ಡಾಗಿದ್ದ ಕಾಲದಿಂದ, ಬರುವ ಗಾಡಿಗಳನ್ನು ತೂಕಕ್ಕೆ ಹಾಕಿ, ಹಣ್ಣು ಇಳಿಸಿ, ರೈತನ ಕೈಗೆ ಚೀಟಿ ಕೊಟ್ಟು ಕಳಿಸುವುದು ಆಕೆಯ ಕೆಲಸ. ಆಕೆ ಗೇಟಿನಿಂದಲೇ ಉತ್ತರ ಕೂಗುತ್ತಿದ್ದಳು. ಆ ಉತ್ತರ ನನಗೂ, ಲ್ಯಾಬಿನವರಿಗೂ, ಕೋಲ್ಡ್ ಸ್ಟೋರೇಜಿನವರಿಗೂ, ಗಾಳಿ ಸರಿಯಿದ್ದರೆ ರಸ್ತೆಯಾಚೆಯ ಪಂಚರ್ ಅಂಗಡಿಗೂ ಒಂದೇ ಗಳಿಗೆಯಲ್ಲಿ ತಲುಪುತ್ತಿತ್ತು. ಇದಕ್ಕೀಗ ನೆಟ್‌ವರ್ಕ್ ಅನ್ನುತ್ತಾರೆ, ತಿಂಗಳು ತಿಂಗಳು ಬಾಡಿಗೆ ಕಟ್ಟಿಸಿಕೊಳ್ಳುತ್ತಾರೆ, ಮಳೆ ಬಂದರೆ ಅದು ಹೋಗುತ್ತದೆ. ಗಿರಿಜಮ್ಮನ ಗಂಟಲು ಮಳೆಗೆಲ್ಲ ಹೋಗುತ್ತಿರಲಿಲ್ಲ.

ದೊಡ್ಡ ದೊಡ್ಡ ಸಂಸ್ಥೆಗಳು ಎಷ್ಟೋ ಸಭೆ ಸೇರಿ, ಅಧ್ಯಯನ ಮಾಡಿ ಸಾಫ್ಟ್‌ವೇರ್ ಕೊಳ್ಳುತ್ತವಂತೆ. ನಮ್ಮದು ಚನ್ನಪಟ್ಟಣದ ಒಂದು ಬೀಗರೂಟದಲ್ಲಿ ತೀರ್ಮಾನವಾಯಿತು. ಯಜಮಾನರಾದ ಚಿಕ್ಕತಿಮ್ಮೇಗೌಡರ ಪಕ್ಕದ ಎಲೆಗೆ ಇನ್ನೊಬ್ಬ ಕಾರ್ಖಾನೆಯ ಯಜಮಾನರು ಕೂತಿದ್ದಾರೆ. ಆ ಮಹಾನುಭಾವರು ಎಡಗೈಯಲ್ಲಿ ಮೊಬೈಲು ಹಿಡಿದು, ಬಲಗೈಯಲ್ಲಿ ನಲ್ಲಿಮೂಳೆ ಹಿಡಿದು, ನನ್ನ ಫ್ಯಾಕ್ಟರಿ ಪೂರ್ತಿ ಇದರೊಳಗೆ ಕಾಣುತ್ತದೆ ಅಂತ ತೋರಿಸಿದ್ದಾರೆ. ಮುದ್ದೆ ಮುರಿಯುವ ಮೊದಲು ನಮ್ಮ ಯಜಮಾನರಿಗೆ ಸಾಫ್ಟ್‌ವೇರ್ ಅಂದರೇನು ಗೊತ್ತಿರಲಿಲ್ಲ. ಕೈ ತೊಳೆಯುವ ಹೊತ್ತಿಗೆ ಅದಿಲ್ಲದೆ ಬದುಕುವುದೇ ಅವಮಾನ ಅನ್ನಿಸಿಬಿಟ್ಟಿತ್ತು. ಮಾರನೆಯ ದಿನ ನನ್ನನ್ನು ಕರೆಸಿದರು.

"ಅವ್ನು ಹಾಕ್ಸಿರೋದ್ಕಿಂತ ದೊಡ್ದು ಹಾಕ್ಸು."

"ಯಾವುದು ದೊಡ್ಡದಿರಬೇಕು ಸಾರ್?"

"ಎಲ್ಲಾವೂ ದೊಡ್ದಿರ್ಲಿ ಕಣಯ್ಯ. ಅದ್ನೂ ನಾನೇ ಏಳ್ಕೊಡ್ಬೇಕಾ?"

ಹಾಕಿಸಿದೆ. ಬೆಂಗಳೂರಿನಿಂದ ಬಂದ ತಂತ್ರಜ್ಞರು ನಮಗೆಲ್ಲ ತಲೆಗೊಂದು ಲಾಗಿನ್ನು, ಅದಕ್ಕೊಂದು ಪಾಸ್‌ವರ್ಡು ಮಾಡಿಕೊಟ್ಟು, ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರಿನಲ್ಲೇ ಒಳಗೆ ಹೋಗಬೇಕು, ಯಾರು ಏನು ಮಾಡಿದರು ಅಂತ ಇದು ಮರೆಯದೆ ಬರೆದಿಟ್ಟುಕೊಳ್ಳುತ್ತದೆ ಅಂತ ಎಚ್ಚರಿಸಿ ಹೋದರು. ಈ ಏರ್ಪಾಡು ಮೊದಲ ದಿನ ಮಧ್ಯಾಹ್ನದವರೆಗೆ ಚೆನ್ನಾಗಿ ನಡೆಯಿತು. ಮಧ್ಯಾಹ್ನ ಗುಡೇಮಾರನಹಳ್ಳಿಯ ಹಿರಿಯ ರೈತರೊಬ್ಬರು ಒಂದು ಟೆಂಪೋ ಬಾದಾಮಿ ಮಾವು ತಂದರು. ಗಿರಿಜಮ್ಮ ತೂಕ ಹಾಕಿ, ಗುಂಡಿ ಒತ್ತಿ, ಗರಿಗರಿ ಚೀಟಿ ಹರಿದು ಕೊಟ್ಟಳು. ಅವರು ಕನ್ನಡಕ ಏರಿಸಿ ನೋಡಿದರು. ಸರಕು ಪಡೆದವರು ಅನ್ನುವ ಕಡೆ ಗಿರಿಜಮ್ಮ ಅಂತ ಅಚ್ಚಾಗಿತ್ತು.

"ಏನವ್ವ ಇದು, ನಿನ್ನೆಸ್ರು ಐತೆ?"

"ಕಂಪೂಟ್ರು ಅಂಗೇ ಬರ್ಕೊಡ್ತದೆ ಕಣಣ್ಣ."

"ಬರ್ಕೊಡ್ಲಿ. ನಾನು ಹಣ್ ತಂದಿರಾದು ಗೌಡ್ರಿಗೆ. ನಾಳೀಕೆ ನೀನು ಕೆಲ್ಸ ಬುಟ್ಟೋದ್ರೆ ನಿನ್ನ ಉಡಿಕ್ಕಂಡು ನಾನು ಎಲ್ಲಿ ಅಲೀಲಿ? ಗೌಡ್ರೆಸ್ರಲ್ಲಿ ಕೊಡು, ಇಲ್ದಿದ್ರೆ ಟೆಂಪೋ ತಿರುಗುಸ್ತೀನಿ."

ಹಿಂದೆ ನಿಂತಿದ್ದ ಗಾಡಿಗಳವರೂ ಅದೇ ರಾಗ ಹಾಡಿದರು. ಹಣ್ಣು ಬಿಸಿಲಲ್ಲಿ ಬೇಯುತ್ತಿತ್ತು. ಗಿರಿಜಮ್ಮ ನನ್ನ ಮುಖ ನೋಡಿದಳು, ನಾನು ಟೆಂಪೋಗಳ ಮುಖ ನೋಡಿದೆ. ಯಜಮಾನರು ತಮ್ಮ ಪಾಸ್‌ವರ್ಡನ್ನು ನೋಡದೆ ನನ್ನ ಕೈಗೇ ಕೊಟ್ಟಿದ್ದರು, ಅದನ್ನು ಓದಿ ಹೇಳಿದೆ. ಆಕೆ ಯಜಮಾನರ ಹೆಸರಿನಲ್ಲಿ ಒಳಗೆ ಹೋಗಿ ಚೀಟಿ ಕೊಡತೊಡಗಿದಳು. ರೈತರಿಗೆ ಸಮಾಧಾನವಾಯಿತು. ಸಂಜೆಯೊಳಗೆ ಲ್ಯಾಬಿನವರೂ ಕೋಲ್ಡ್ ಸ್ಟೋರೇಜಿನವರೂ ಅದನ್ನೇ ಹಿಡಿದರು. ಕೇಳಿದರೆ, "ಯಜಮಾನ್ರು ಇರೋವಾಗ ನಮ್ಮೆಸ್ರಲ್ಲಿ ಸರಕು ಇಳಿಸ್ಕಳಾದಾ ಸಾ? ಚೆನ್ನಾಗಿರಾಕಿಲ್ಲ" ಅಂದರು. ಇದರಲ್ಲಿ ಸೋಮಾರಿತನ ಇರಲಿಲ್ಲ, ಮೋಸವೂ ಇರಲಿಲ್ಲ. ಅಪ್ಪಟ ಮರ್ಯಾದೆ. ಮನೆಯ ಹಿರಿಯರಿರುವಾಗ ಲಗ್ನಪತ್ರಿಕೆಯಲ್ಲಿ ಅವರ ಹೆಸರನ್ನೇ ಮೇಲೆ ಹಾಕಿಸುತ್ತೇವಲ್ಲ, ಹಾಗೆ. ತಂತ್ರಜ್ಞರು ಕಳ್ಳರಿಗೆ ಅಂತ ಬೀಗ ಮಾಡಿದ್ದರು, ಮರ್ಯಾದಸ್ಥರಿಗೆ ಏನೂ ಮಾಡಿರಲಿಲ್ಲ.

ಈ ಸಾಫ್ಟ್‌ವೇರಿಗೆ ಇನ್ನೊಂದು ಕಾಯಿಲೆ ಇದೆ. ಆಗಾಗ ಅದರ ಬಾಯಲ್ಲಿ ಪಾಸ್‌ವರ್ಡು ಹಳಸಿಹೋಗುತ್ತದೆ. ಹೊಸದು ಕೊಡದಿದ್ದರೆ ಬಾಗಿಲು ತೆಗೆಯುವುದಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವಳು ಗಿರಿಜಮ್ಮ. ಆದ್ದರಿಂದ ಹೊಸ ಪಾಸ್‌ವರ್ಡು ಇಡುವ ನಾಮಕರಣದ ಹಕ್ಕು ಆಕೆಗೇ ಹೋಯಿತು. ಇಟ್ಟಮೇಲೆ ಅಂಗಳದ ನಡುವೆ ನಿಂತು, "ಇವತ್ತಿಂದ ರಸಪುರಿ ಕಣ್ರಪ್ಪೋ, ಮುಂದ್ಕೆ ಹಳೇ ನಂಬ್ರೇಯಾ" ಅಂತ ಕೂಗಿಬಿಡುತ್ತಿದ್ದಳು. ಕನಕಪುರದ ಟೆಂಪೋ ಡ್ರೈವರುಗಳಿಗೂ ಬಾಯಿಪಾಠವಾಗಿತ್ತು. ಅದೇ ಸಂಜೆ ನಾನು ತರಗತಿಯಲ್ಲಿ ಮಾಹಿತಿಯ ಗೋಪ್ಯತೆ ಕುರಿತು ಗಂಟೆಗಟ್ಟಲೆ ಮಾತಾಡಿ, ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿದ್ದೇನೆ. ವಿದ್ಯೆ ಬೇರೆ, ಹೊಟ್ಟೆಪಾಡು ಬೇರೆ ಅಂತ ಇಟ್ಟುಕೊಂಡವನಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಹಾಗೆ ನೋಡಿದರೆ ಇದೇನೂ ಹೊಸದಲ್ಲ. ನಮ್ಮ ಹಳೆಯ ಕಲ್ಲುಶಾಸನಗಳನ್ನು ಓದಿ. ಇಂಥ ಅರಸ ಇಂಥ ಕೆರೆ ಕಟ್ಟಿಸಿದ, ಇಂಥ ದಣ್ಣಾಯಕ ಇಂಥ ಗುಡಿ ಎತ್ತಿಸಿದ. ಗುದ್ದಲಿ ಹಿಡಿದವನ ಹೆಸರು ಹುಡುಕಿದರೂ ಸಿಗುವುದಿಲ್ಲ. ಆದರೂ ಕಲ್ಲು ಕೆತ್ತಿದ ಆ ಪುಣ್ಯಾತ್ಮನಿಗೆ ಅಷ್ಟಿಷ್ಟು ಅಳುಕು ಇತ್ತು ನೋಡಿ. ಕಟ್ಟಿಸಿದ ಅಂತ ಬರೆದನೇ ಹೊರತು ಕಟ್ಟಿದ ಅನ್ನಲಿಲ್ಲ. ನಮ್ಮ ಸಾಫ್ಟ್‌ವೇರಿಗೆ ಆ ಅಳುಕೂ ಇಲ್ಲ. ಚಿಕ್ಕತಿಮ್ಮೇಗೌಡರು ಇಳಿಸಿದರು, ತೂಗಿದರು, ತೊಳೆದರು, ತುಂಬಿದರು ಅಂತ ನೇರವಾಗಿ ಬರೆಯುತ್ತದೆ.

ಜಾತಕ ಬರೆಸಿದ ಮೇಲೆ ಅದನ್ನು ಓದಿ ಹೇಳಲು ಜೋಯಿಸರೊಬ್ಬರು ಬೇಕಲ್ಲ, ಹಾಗೆಯೇ ವ್ಯವಸ್ಥೆ ಹಾಕಿಸಿದವರಿಗೆ ಸಲಹೆಗಾರನೊಬ್ಬ ಬೇಕಾಗುತ್ತಾನೆ. ನಮ್ಮ ಪಾಲಿಗೆ ಬಂದವನು ಬೆಂಗಳೂರಿನ ಪ್ರಣವ್. ಬುದ್ಧಿವಂತ, ಮಾತಿನಲ್ಲಿ ವಿನಯ, ಕಾಲಲ್ಲಿ ಬಿಳೀ ಬೂಟು. ಅಂಗಳದಲ್ಲಿ ಮಾವಿನ ಸೊನೆ ಮೆತ್ತಿಕೊಳ್ಳುತ್ತದೆ ಅನ್ನುವ ಕಾರಣಕ್ಕೆ ಅವನು ಆಫೀಸಿನ ಎಸಿ ಬಿಟ್ಟು ಹೊರಗೆ ಕಾಲಿಡಲಿಲ್ಲ. ಗೇಟಿಗೆ ಹೋಗಿ ನೋಡಿ ಬರೋಣ ಬಾರಪ್ಪ ಅಂತ ನಾನು ಕರೆದರೆ, "ಬೇಡ ಸರ್, ಜನ ಸುಳ್ಳು ಹೇಳ್ತಾರೆ, ಡೇಟಾ ಸುಳ್ಳು ಹೇಳಲ್ಲ" ಅಂದ. ಎಷ್ಟು ಚೆನ್ನಾದ ಮಾತು. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಕೆಲವು ದಿನಗಳಾದ ಮೇಲೆ ಯಜಮಾನರ ಕೋಣೆಯ ಗೋಡೆಯ ಮೇಲೆ ಪ್ರಣವ್ ತನ್ನ ವರದಿಯನ್ನು ಮೂಡಿಸಿದ. ಒಂದು ನೀಲಿ ಕಂಬ ಸೂರು ಮುಟ್ಟುವಂತೆ ನಿಂತಿತ್ತು. ಅದು ಯಜಮಾನರು. ಉಳಿದ ನಾವೆಲ್ಲ ಅದರ ಬುಡದಲ್ಲಿ ನೆಲಕ್ಕಂಟಿಕೊಂಡು ಮಲಗಿದ್ದೆವು. ನನ್ನ ಹೆಸರಿನ ಮೇಲೆ ಮಾತ್ರ ಸೊಳ್ಳೆ ಕಚ್ಚಿದಷ್ಟು ಉಬ್ಬು ಇತ್ತು, ಶುರುವಿನಲ್ಲಿ ಲಾಗಿನ್ನು ಸರಿಯಿದೆಯೇ ಅಂತ ಪರೀಕ್ಷಿಸಿದ ಪುಣ್ಯ. ಗಿರಿಜಮ್ಮನ ಹೆಸರಿನ ಎದುರು 'ನಿಷ್ಕ್ರಿಯ' ಅಂತ ಕೆಂಪಕ್ಷರದಲ್ಲಿ ಬರೆದಿತ್ತು. ಗೇಟಿಗೆ ತಾನೇ ತೂಗಿ ತಾನೇ ಚೀಟಿ ಕೊಡುವ ಒಂದು ಯಂತ್ರ ಸಾಕು, ಅಲ್ಲಿರುವ ವ್ಯಕ್ತಿಯಿಂದ ಸಂಸ್ಥೆಗೆ ಯಾವ ಕೆಲಸವೂ ಆಗುತ್ತಿಲ್ಲ ಅಂತ ಪ್ರಣವ್ ವಿನಯದಿಂದ ವಿವರಿಸಿದ.

ಯಜಮಾನರು ನಗುತ್ತಾರೆ, ಇಲ್ಲವೇ ಬಯ್ಯುತ್ತಾರೆ ಅಂತ ನಾನು ಕಾದೆ. ಅವರು ಆ ಕಂಬವನ್ನೇ ನೋಡುತ್ತಿದ್ದರು. ಕಣ್ಣು ಒದ್ದೆಯಾಗಿತ್ತು.

"ನೋಡ್ದೇನಯ್ಯ? ಈ ಫ್ಯಾಕ್ಟ್ರಿ ಒಳಗೆ ದುಡಿಯೋನು ನಾನೊಬ್ನೇಯ ಅಂತ ಏಳ್ತಾನೇ ಇದ್ದೆ. ಒಬ್ರೂ ನಂಬ್ನಿಲ್ಲ ನೀವು. ಈಗ ಅದೇ ಏಳ್ತು."

"ಸಾರ್, ನೀವು ಜ್ವರ ಬಂದು ಮನೇಲಿ ಮಲಗಿದ್ದಿರಲ್ಲ, ಆಗಲೂ ಇಷ್ಟೇ ಎತ್ತರ ತೋರಿಸ್ತಿದೆ."

"ಮೈ ಮಲ್ಗಿತ್ತು ಕಣಯ್ಯ. ಮನ್ಸು ಇಲ್ಲೇ ಇತ್ತು."

ಇದಕ್ಕೆ ಏನು ಹೇಳುತ್ತೀರಿ? ಪ್ರಣವ್ ಹೋದಮೇಲೆ ನಾನು ಬಾಗಿಲು ಮುಂದೆ ಮಾಡಿ, ಚೀಟಿಯ ಕತೆ, ಗುಡೇಮಾರನಹಳ್ಳಿಯವರ ಕತೆ, ಒಂದೇ ಹೆಸರಿನಲ್ಲಿ ಎಲ್ಲರೂ ಕೆಲಸ ಮಾಡುವ ಕತೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೊನೆಗೆ ಗಿರಿಜಮ್ಮನನ್ನು ತೆಗೆಯಬೇಡಿ ಸಾರ್ ಅಂತ ಕೇಳಿಕೊಂಡೆ. ಆಕೆಯ ಗಂಡ ಮಾಗಡಿ ಕಡೆಯ ಗುಡ್ಡಗಳಲ್ಲಿ ಕುರಿ ಮೇಯಿಸುತ್ತಾನೆ, ಮಗಳು ಕನಕಪುರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಮನೆ ನಿಂತಿರುವುದೇ ಈ ಕೆಲಸದ ಮೇಲೆ. ಯಜಮಾನರು ಎಲ್ಲ ಕೇಳಿಸಿಕೊಂಡು, "ಅಂದ್ರೆ ನಾನು ಏನೂ ಮಾಡ್ನಿಲ್ಲ ಅಂತೀಯ?" ಅಂದರು.

ನೋಡಿ, ಪುಸ್ತಕದಲ್ಲಿ ಬರೆಯದೆ ಬಿಟ್ಟ ಪಾಠ ಇದು. ಸರಿಯಾದ ಮಾಹಿತಿ ಸರಿಯಾದ ಹೊತ್ತಿಗೆ ಸರಿಯಾದ ವ್ಯಕ್ತಿಯನ್ನು ತಲುಪಿತ್ತು. ಅವರ ಮುಖ ಬಿಳುಚಿಕೊಂಡಿತ್ತು. ಹೌದು ಅಂದರೆ ನನ್ನ ಫಲಕಕ್ಕೇ ಆಪತ್ತು. ಇಲ್ಲ ಅಂದರೆ ಗಿರಿಜಮ್ಮನ ಅನ್ನಕ್ಕೆ ಕಲ್ಲು. ನಾನು, "ಹಾಗಲ್ಲ ಸಾರ್, ವ್ಯವಸ್ಥೆ ಅಂದಮೇಲೆ..." ಅಂತ ಶುರುಮಾಡಿ ಮುಗಿಸುವ ದಾರಿ ಕಾಣದೆ ಹೊರಗೆ ಬಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಮ್ಮ ಕಾರ್ಖಾನೆಯಲ್ಲಿ ಗುಟ್ಟು ಅನ್ನುವುದು ಬೆಳಿಗ್ಗೆ ಹುಟ್ಟಿ ಟೀ ಹೊತ್ತಿಗೆ ಸಾಯುತ್ತದೆ. ನೀಲಿ ಕಂಬದ ಸುದ್ದಿ ಗೇಟು ಮುಟ್ಟಿತು. ಗಿರಿಜಮ್ಮ ನನ್ನನ್ನು ಏನೂ ಕೇಳಲಿಲ್ಲ. ಆದರೆ ಕೂಗುವುದನ್ನು ಬಿಟ್ಟಳು. ಕೆಲಸವನ್ನೆಲ್ಲ ಮಾಡುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಅಂಗಳ ಆಸ್ಪತ್ರೆಯ ಹಾಗೆ ತಣ್ಣಗಾಯಿತು. ನಮಗೆಲ್ಲ ಆ ಮೌನವೇ ತಡೆದುಕೊಳ್ಳಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಯಜಮಾನರು ನನ್ನನ್ನು ಕರೆದರು. ಗಿರಿಜಮ್ಮನನ್ನು ತೆಗೆಯುವ ಆದೇಶವನ್ನು ಪ್ರಣವ್ ಸಾಫ್ಟ್‌ವೇರಿನೊಳಗೆ ಸಿದ್ಧಮಾಡಿಟ್ಟು, ಟ್ರಾಫಿಕ್ ಹೆಚ್ಚುವ ಮೊದಲು ಬೆಂಗಳೂರು ಸೇರಬೇಕು ಅಂತ ಹೊರಟುಹೋಗಿದ್ದ. ಒಪ್ಪಿಗೆಯ ಗುಂಡಿಯನ್ನು ಮಾತ್ರ ಯಜಮಾನರೇ ತಮ್ಮ ಹೆಸರಿನಲ್ಲಿ ಒಳಗೆ ಹೋಗಿ ಒತ್ತಬೇಕಂತೆ. ಯಜಮಾನರು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡರು. ಪರದೆ ಅವರ ಹೆಸರು ತೋರಿಸಿ, ಪಾಸ್‌ವರ್ಡು ಏನು ಅಂತ ಕೇಳಿತು.

ಅವರು ನನ್ನನ್ನು ನೋಡಿದರು. "ಏನಯ್ಯ ನನ್ ಪಾಸ್ವರ್ಡು?"

ನನಗೆ ಗೊತ್ತಿದ್ದುದನ್ನು ಹೇಳಿದೆ. ಒಳಗೆ ಬಿಡಲಿಲ್ಲ. ಅದು ಹಳಸಿ ಹೊಸದು ಬಂದಿತ್ತು. ಕೂಗು ನಿಲ್ಲಿಸಿದ ಮೇಲೆ ಗಿರಿಜಮ್ಮ ಬೆಳಿಗ್ಗೆ ಲ್ಯಾಬಿನಲ್ಲೂ ಕೋಲ್ಡ್ ಸ್ಟೋರೇಜಿನಲ್ಲೂ ತಾನೇ ಒತ್ತಿ ಬರುತ್ತಿದ್ದಳು, ಹೊಸದು ನನ್ನ ಕಿವಿಗೆ ಬಿದ್ದಿರಲಿಲ್ಲ. ಪ್ರಣವ್‌ಗೆ ಫೋನ್ ಮಾಡಿದರೆ, ಪಾಸ್‌ವರ್ಡು ನಿಮಗೆ ಬಿಟ್ಟು ಬೇರೆಯವರಿಗೆ ಗೊತ್ತಿರಬಾರದು ಸರ್ ಅಂತ ಬುದ್ಧಿ ಹೇಳಿ ಇಟ್ಟ. ಯಜಮಾನರು ಮೀಸೆ ಸವರಿಕೊಂಡರು.

"ಯಾರಿಗ್ ಗೊತ್ತು ಮತ್ತೆ?"

"ಗಿರಿಜಮ್ಮನಿಗೆ ಸಾರ್."

ಗಿರಿಜಮ್ಮ ಬಂದಳು. ಕೈಗೆಲ್ಲ ಸೊನೆ ಮೆತ್ತಿತ್ತು, ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು.

"ಕರುದ್ರಂತೆ ಅಣ್ಣ?"

"ಅದೇನೋ ಒಸಿ ಪಾಸ್ವರ್ಡು ಹಾಕ್ಕೊಡವ್ವ."

"ಯಾವ್ ಕೆಲ್ಸಕ್ಕೆ?"

ಯಜಮಾನರು ಕೀಬೋರ್ಡನ್ನು ಆಕೆಯ ಕಡೆ ತಳ್ಳಿದರು. ನಾನು ಫ್ಯಾನು ನೋಡತೊಡಗಿದೆ. ಆಕೆ ಮೇಜಿನ ಪಕ್ಕ ಬಂದು, ಬಗ್ಗಿ, ಪಟಪಟ ಒತ್ತಿದಳು. ಕಂಪ್ಯೂಟರಿನ ಬಾಗಿಲು ತೆರೆಯಿತು. ಪ್ರಣವ್ ಸಿದ್ಧಮಾಡಿಟ್ಟ ಹಾಳೆ ಎದುರಿಗೆ ಬಂತು. ಅದರ ನೆತ್ತಿಯಲ್ಲೇ ಆಕೆಯ ಹೆಸರು, ಕೆಳಗೆ 'ಸೇವೆಯಿಂದ ಬಿಡುಗಡೆ'. ಆಕೆ ಓದಿದಳು. ನಾನು ಆ ಗಳಿಗೆಯಲ್ಲಿ ಭೂಮಿ ಬಾಯಿ ಬಿಟ್ಟಿದ್ದರೆ ಫಲಕದ ಸಮೇತ ಇಳಿದುಹೋಗುತ್ತಿದ್ದೆ.

"ಇಗೋ, ಇಲ್ಲಿ ಒತ್ಬೇಕು ಅಣ್ಣ," ಅಂದಳು ಗಿರಿಜಮ್ಮ. "ಒತ್ತುದ್ ಮ್ಯಾಕೆ, ದಿಟ್ವಾಗ್ಲೂ ಬೇಕಾ ಅಂತ ಇನ್ನೊಂದಪ ಕೇಳ್ತದೆ. ಹೂಂ ಅನ್ನಿ. ಬಿರ್ನೆ ಒತ್ಬುಡಿ, ಮಾಗಡಿ ಟೆಂಪೋಗಳು ಗೇಟ್ ತಾವ ಬಿಸ್ಲಲ್ಲಿ ನಿಂತವೆ. ಹಣ್ಣು ಬೆಂದೋಯ್ತದೆ. ನೀವು ಹೋಗಿ ತೂಕುಕ್ಕಾಕಿ."

"ನಾನಾ?"

"ಇನ್ಯಾರಣ್ಣ? ಇಷ್ಟ್ ದಿನ ಹಾಕ್ತಿದ್ದೋರು ನೀವೇ ಅಲ್ವಾ?"

ಯಜಮಾನರ ಬೆರಳು ಆ ಗುಂಡಿಯ ಮೇಲೆ ಇತ್ತು. ಹೊರಗೆ ಟೆಂಪೋದವನು ಹಾರನ್ ಒತ್ತಿದ. ಇನ್ನೊಬ್ಬ ಒತ್ತಿದ. ಅವರು ಕಿಟಕಿಯಾಚೆ ನೋಡಿದರು, ತಮ್ಮ ಬೆರಳು ನೋಡಿಕೊಂಡರು, ಆಮೇಲೆ ಗಿರಿಜಮ್ಮನ ಕೈಗಳನ್ನು ನೋಡಿದರು. ಪಾಪ, ಅವರು ಕೆಟ್ಟವರಲ್ಲ. ತಾನು ಬೇಕಾದವನು ಅಂತ ಯಾರಾದರೂ ಹೇಳಲಿ ಅಂತ ವರ್ಷಗಟ್ಟಲೆ ಕಾದಿದ್ದವರು, ಒಂದು ಕಂಬ ಹಾಗೆ ಹೇಳಿದಾಗ ನಂಬಿಬಿಟ್ಟಿದ್ದರು. ನಾವಾಗಿದ್ದರೂ ನಂಬುತ್ತಿದ್ದೆವು. ಕೈಯನ್ನು ನಿಧಾನವಾಗಿ ಹಿಂದಕ್ಕೆಳೆದುಕೊಂಡರು.

"ಬ್ಯಾಡ ಬುಡವ್ವ," ಅಂದರು. "ಅದೇನೋ ರದ್ದು ಅಂತ ಐತಲ್ಲ, ಅದು ಎಲ್ಲೈತೋ ನಂಗ್ ಗೊತ್ತಾಗಲ್ಲ. ನೀನೇ ಒತ್ಬುಡು."

ಗಿರಿಜಮ್ಮ ಬಗ್ಗಿ ಒತ್ತಿದಳು. ದಿಟವಾಗಲೂ ರದ್ದು ಮಾಡಬೇಕಾ ಅಂತ ಪರದೆ ಇನ್ನೊಮ್ಮೆ ಕೇಳಿತು. ಆಕೆ ಯಜಮಾನರ ಮುಖ ನೋಡಿದಳು. ಅವರು ಹೂಂ ಅಂದರು. ಆಕೆ ಮತ್ತೊಮ್ಮೆ ಒತ್ತಿ, ಸೆರಗು ಸಿಕ್ಕಿಸಿಕೊಂಡು, ಬಾಗಿಲು ದಾಟುತ್ತಲೇ "ಬಂದೆ ಕಣ್ರಪ್ಪೋ, ಯಾಕಂಗ್ ಬಡ್ಕತೀರಿ" ಅಂತ ಅಂಗಳಕ್ಕೆ ಕೇಳುವ ಹಾಗೆ ಕೂಗುತ್ತ ಹೋದಳು.

ಸಾಫ್ಟ್‌ವೇರ್ ಇದನ್ನೂ ಮರೆಯದೆ ಬರೆದಿಟ್ಟುಕೊಂಡಿದೆ. ರದ್ದು ಮಾಡಿದವರು, ಚಿಕ್ಕತಿಮ್ಮೇಗೌಡರು. ಇದುವರೆಗೆ ಅವರ ಹೆಸರಿನಲ್ಲಿ ದಾಖಲಾಗಿರುವ ಕೆಲಸಗಳಲ್ಲೆಲ್ಲ ಅವರು ನಿಜವಾಗಿ ಮಾಡಿದ್ದು ಇದೊಂದೇ ಅಂತ ನಾನು ಯಾವ ಸಲಹೆಗಾರನ ಮುಂದೆ ಬೇಕಾದರೂ ಸಾಕ್ಷಿ ಹೇಳುತ್ತೇನೆ. ಗುಂಡಿ ಒತ್ತಿದ್ದು ಗಿರಿಜಮ್ಮ ಅನ್ನುವುದು ಬೇರೆ ಮಾತು.